ಕಲ್ಯಾಣದ ಉಂಗುರ, ಇಂದಿನ ಮುಂಗಡ

ಹೊಲವನ್ನೋ ನಿವೇಶನವನ್ನೋ ಕೊಳ್ಳುವುದಾಗಿ ಮಾತಾದ ಮೇಲೆ ಮುಂಗಡ ಕೊಡಬೇಕಾದವನು ಕೊಡದೆ ಹೋದರೆ, ಇಲ್ಲವೇ ಕೊಟ್ಟೂ ಗಡುವಿನೊಳಗೆ ಬಾಕಿ ತೀರಿಸದಿದ್ದರೆ, ನಷ್ಟ ಯಾರ ತಲೆಗೆ? ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಿಗೆ ಇದು ದೂರದ ಪ್ರಶ್ನೆಯಲ್ಲ. ಪುಣೆ–ಹೈದರಾಬಾದ್ ಹೆದ್ದಾರಿ ಈ ಸೀಮೆಯಲ್ಲೇ ಹಾದುಹೋಗುತ್ತದೆ. ಹುಮನಾಬಾದ್ ಮೂಲಕ ಸಾಗುವ ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಉದ್ಘಾಟನೆಯಾಯಿತು. 2020ರ ಭೂಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವಂತಾಯಿತು. ಒಬ್ಬರನ್ನೊಬ್ಬರು ಅರಿಯದವರ ನಡುವೆ ಜಮೀನು ಕೈಬದಲಾಗುವಾಗ ಇಸಾರ, ಬಯಾನ, ಸಂಚಕಾರ, ಮುಂಗಡ ಎಂದೆಲ್ಲ ಕರೆಸಿಕೊಳ್ಳುವ ಆ ಹಣವೇ ನಂಬಿಕೆಯ ಆಧಾರ. ಆ ಹಣದ ನ್ಯಾಯವನ್ನು ಸುಮಾರು ಒಂಬೈನೂರು ವರ್ಷಗಳ ಹಿಂದೆ ಇದೇ ಕಲ್ಯಾಣದಲ್ಲಿ ಕುಳಿತು ಬರೆದಿಟ್ಟವರಿದ್ದಾರೆ. ನಾವು ಇಂದು ಪಾಲಿಸುತ್ತಿರುವ ಕ್ರಮಕ್ಕಿಂತ ಆ ನ್ಯಾಯ ಹೆಚ್ಚು ಸಮನಾಗಿತ್ತು ಎಂಬುದೇ ನನ್ನ ವಾದ.

1076ರಿಂದ 1126ರವರೆಗೆ ಆಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣ ನಗರವನ್ನೂ ತನ್ನ ದೊರೆಯನ್ನೂ ಮನಸಾರೆ ಹೊಗಳುತ್ತಾನೆ. ಸತ್ಯಂಕಾರವಾಗಿ, ಅಂದರೆ ಮಾತಿಗೆ ಆಧಾರವಾಗಿ ಇಟ್ಟ ದ್ರವ್ಯವನ್ನು ಎರಡು ಪಟ್ಟು ಹಿಂದಿರುಗಿಸಬೇಕು ಎಂದಷ್ಟೇ ಮೂಲ ಸ್ಮೃತಿ ಹೇಳುತ್ತದೆ. ಯಾರು, ಯಾವಾಗ ಎಂದು ಬಿಡಿಸುವುದಿಲ್ಲ. ಬಿಡಿಸಿದವನು ವಿಜ್ಞಾನೇಶ್ವರ. ಕೊಳ್ಳುವ ಮಾರುವ ಒಪ್ಪಂದ ನೆರವೇರಲೆಂದು ಒಬ್ಬನು ತನ್ನ ಉಂಗುರವನ್ನೋ ಅಂಥದೇ ಇನ್ನೊಂದನ್ನೋ ಮತ್ತೊಬ್ಬನ ಕೈಯಲ್ಲಿಡುತ್ತಾನೆ. ಇಟ್ಟವನೇ ಮಾತಿಗೆ ತಪ್ಪಿದರೆ ಉಂಗುರ ಹೋಯಿತು. ಪಡೆದವನು ತಪ್ಪಿದರೆ ಅದರ ಎರಡರಷ್ಟನ್ನು ತೆರಬೇಕು. ಇಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ದಂಡ ಇಬ್ಬರಿಗೂ ಸಮ: ಕೊಳ್ಳುವವನು ಒಂದು ಉಂಗುರ ಕಳೆದುಕೊಂಡರೆ, ಮಾರುವವನು ಪಡೆದದ್ದನ್ನು ಮರಳಿಸಿ ತನ್ನ ಕೈಯಿಂದ ಇನ್ನೊಂದನ್ನು ಸೇರಿಸುತ್ತಾನೆ. ಎರಡನೆಯದಾಗಿ, ತಪ್ಪಿದವನ ನಷ್ಟಕ್ಕೆ ಆ ಉಂಗುರವೇ ಮಿತಿ. ಕೈಗೆ ಬಾರದ ಉಂಗುರದ ಮಾತನ್ನು ವಿಜ್ಞಾನೇಶ್ವರ ಎತ್ತುವುದೇ ಇಲ್ಲ. ಕೊಟ್ಟ ವಸ್ತುವಿನ ಮೇಲೆಯೇ ಅವನ ನಿಯಮವೆಲ್ಲ ನಿಂತಿದೆ. 1985ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಹಡಗುಗಳ ಮಾರಾಟವೊಂದರಲ್ಲಿ, ಕೊಳ್ಳುವವರು ಕೊಡದೇ ಉಳಿಸಿದ ಶೇ. 10ರ ಮುಂಗಡವನ್ನೂ ಮಾರುವವರು ವಸೂಲು ಮಾಡಬಹುದೆಂದಿತು. ಆ ದಾರಿಯೇ ಬೇರೆ.

ಇದೆಲ್ಲ ಪಂಡಿತರ ಶಾಸ್ತ್ರ, ಪೇಟೆಯಲ್ಲಿ ನಡೆದದ್ದಕ್ಕೆ ಸಾಕ್ಷಿ ಎಲ್ಲಿ ಎಂದು ಕೇಳಬಹುದು. ಈ ಶ್ಲೋಕ ಬರುವುದು ಸಾಲ ಮತ್ತು ಒತ್ತೆಯ ಪ್ರಕರಣದಲ್ಲಿ, ಭೂಮಿಯ ಮಾರಾಟದಲ್ಲಲ್ಲ ಎಂದೂ ಹೇಳಬಹುದು. ಎರಡೂ ತೂಕದ ಆಕ್ಷೇಪಗಳೇ. ಆದರೆ ಮೂಲದಲ್ಲಿ ಇಲ್ಲದ ಉಂಗುರ ವ್ಯಾಖ್ಯಾನಕ್ಕೆ ಬಂದದ್ದು ಕಣ್ಣೆದುರಿನ ವ್ಯವಹಾರದಿಂದ ಎಂದು ತಿಳಿಯುವುದೇ ನನಗೆ ಸಹಜವೆನಿಸುತ್ತದೆ. ಭೂಮಿಯ ವಿಷಯದಲ್ಲೂ ವಿಜ್ಞಾನೇಶ್ವರ ವ್ಯವಹಾರ ಬಲ್ಲವನಂತೆಯೇ ಬರೆಯುತ್ತಾನೆ. ಊರವರು, ಬಂಧುಗಳು, ನೆರೆಹೊಲದವರು, ದಾಯಾದಿಗಳು ಇವರ ಒಪ್ಪಿಗೆ, ಜೊತೆಗೆ ಚಿನ್ನ ಮತ್ತು ನೀರು, ಈ ಆರರಿಂದ ಭೂಮಿ ಕೈಬದಲಾಗುತ್ತದೆ ಎಂಬ ಹಳೆಯ ಮಾತನ್ನು ಎತ್ತಿಕೊಂಡು ಒಂದೊಂದಕ್ಕೂ ಕಾರಣ ಕೊಡುತ್ತಾನೆ. ಊರವರ ಒಪ್ಪಿಗೆ ಬೇಕಾದದ್ದು ವ್ಯವಹಾರ ಬಹಿರಂಗವಾಗಲೆಂದು. ಅದಿಲ್ಲದಿದ್ದರೆ ವ್ಯವಹಾರವೇ ಬಿದ್ದುಹೋಯಿತೆಂದಲ್ಲ. ನೆರೆಹೊಲದವರ ಒಪ್ಪಿಗೆ ಎಲ್ಲೆಯ ತಕರಾರು ಏಳದಿರಲೆಂದು. ಬದುವಿನ ಜಗಳವನ್ನು ಬಲ್ಲವನು ಬರೆಯುವ ರೀತಿಯಿದು.

ಹಾಗಿದ್ದರೆ ಉಂಗುರದ ನ್ಯಾಯ ಕೈತಪ್ಪಿದ್ದು ಹೇಗೆ? ಕೋಲ್‌ಬ್ರೂಕ್ 1810ರಲ್ಲಿ ಮಿತಾಕ್ಷರಾದಿಂದ ಇಂಗ್ಲಿಷಿಗೆ ತಂದದ್ದು ದಾಯಭಾಗದ ಪ್ರಕರಣವನ್ನು. ಬ್ರಿಟಿಷ್ ನ್ಯಾಯಾಲಯಗಳಿಗೆ ಮಿತಾಕ್ಷರಾ ಎಂದರೆ ಆಸ್ತಿಹಂಚಿಕೆಯ ಗ್ರಂಥವಾಯಿತು. ಕರಾರಿನ ವಿಷಯವನ್ನು 1872ರ ಒಪ್ಪಂದ ಕಾಯಿದೆ ವಹಿಸಿಕೊಂಡಿತು. ಕಲ್ಯಾಣ ಆಗ ನಿಜಾಮರ ಸೀಮೆಯೊಳಗಿನ ಜಾಗೀರು; ಆ ಕಾಯಿದೆ ಹೈದರಾಬಾದ್ ರಾಜ್ಯಕ್ಕೆ ವಿಸ್ತರಿಸಿದ್ದು 1951ರಲ್ಲಿ. ಅಷ್ಟರೊಳಗೆ, 1926ರಲ್ಲೇ ಪ್ರಿವಿ ಕೌನ್ಸಿಲ್ ಮುಂಗಡದ ಸ್ವರೂಪವನ್ನು ಗೊತ್ತುಮಾಡಿತ್ತು: ವ್ಯವಹಾರ ನಡೆದರೆ ಅದು ಬೆಲೆಯ ಭಾಗ, ಕೊಳ್ಳುವವನ ತಪ್ಪಿನಿಂದ ಮುರಿದರೆ ಮುಟ್ಟುಗೋಲು. ಮಾರುವವನು ತಪ್ಪಿದರೆ ಎರಡು ಪಟ್ಟು ಎಂಬ ಮಾತು ಅಲ್ಲಿಲ್ಲ. ಉಂಗುರವೇ ಮಿತಿ ಎಂಬ ವಿವೇಕ ಮಾತ್ರ ಬೇರೆ ದಾರಿಯಿಂದ ತಿರುಗಿ ಬಂತು. 1963ರ ಫತೇ ಚಂದ್ ಪ್ರಕರಣದಲ್ಲಿ ಮಾರುವವರು ಪಡೆದಿದ್ದ 25,000 ರೂಪಾಯಿಯಲ್ಲಿ ಮುಂಗಡವಾದ 1,000 ರೂಪಾಯಿಯನ್ನಷ್ಟೇ ಉಳಿಸಿಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ ಹೇಳಿತು. 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ನಷ್ಟವೇ ಆಗದ ದೆಹಲಿ ಅಭಿವೃದ್ಧಿ ಪ್ರಾಧಿಕಾರ 78 ಲಕ್ಷ ರೂಪಾಯಿ ಮುಂಗಡವನ್ನು ಹಿಂದಿರುಗಿಸಬೇಕಾಯಿತು.

ಸಮಾನತೆ ಮಾತ್ರ ತಿರುಗಿ ಬರಲಿಲ್ಲ. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ ಕೊಳ್ಳುವವನು ತಪ್ಪಿದಾಗ ಹಣ ಹೋಗುತ್ತದೆ. ಮಾರುವವನು ತಪ್ಪಿದಾಗ ಅವನು ಹಣ ವಾಪಸು ಕೊಟ್ಟು, ಹೆಚ್ಚೆಂದರೆ ಬಡ್ಡಿ ಸೇರಿಸಿ ಕೈತೊಳೆದುಕೊಳ್ಳಲು ನೋಡುತ್ತಾನೆ. ಕೊಳ್ಳುವವನಿಗೆ ದೊಡ್ಡ ಅಸ್ತ್ರವೇ ಇದೆ, ನಿರ್ದಿಷ್ಟ ಪರಿಹಾರ ಕಾಯಿದೆಯಡಿ ದಾವೆ ಹೂಡಿ ಖರೀದಿ ಪತ್ರವನ್ನೇ ಮಾಡಿಸಿಕೊಳ್ಳಬಹುದು, ಇನ್ನು ಎರಡು ಪಟ್ಟು ಯಾಕೆ ಎಂಬುದು ನ್ಯಾಯವಾದಿಗಳ ಉತ್ತರ. ಕಾಗದದ ಮೇಲೆ ಅದು ಸರಿ. ಆದರೆ ಹತ್ತಾರು ವರ್ಷ ಎಳೆಯುವ ದಾವೆಯನ್ನು ತಡೆದುಕೊಳ್ಳುವ ಶಕ್ತಿ, ಉಳಿತಾಯವನ್ನೆಲ್ಲ ಒಂದು ನಿವೇಶನದ ಮುಂಗಡಕ್ಕೆ ಸುರಿದ ಕುಟುಂಬಕ್ಕೆ ಎಲ್ಲಿಂದ ಬರಬೇಕು? ಬೆಲೆ ಏರುವ ಜಾಗದಲ್ಲಿ ಮಾತು ಮುರಿಯುವ ಆಸೆ ಮಾರುವವನಿಗೇ ಹೆಚ್ಚು. ಆ ಆಸೆಗೆ ಕಡಿವಾಣ ಹಾಕಲೆಂದೇ ಎರಡು ಪಟ್ಟಿನ ನಿಯಮ ಇದ್ದದ್ದು. ಇದು ಕಲ್ಯಾಣವೊಂದರ ಅಭಿಮಾನದ ಮಾತೂ ಅಲ್ಲ. ಆರನೆಯ ಶತಮಾನದ ಜಸ್ಟಿನಿಯನ್ ಚಕ್ರವರ್ತಿಯ ರೋಮನ್ ಕಾನೂನು ಇದನ್ನೇ ಹೇಳಿತ್ತು, 1804ರ ಫ್ರೆಂಚ್ ಸಿವಿಲ್ ಸಂಹಿತೆಯ 1590ನೆಯ ವಿಧಿಯೂ ಇದನ್ನೇ ಹೇಳುತ್ತದೆ. ದೆಹಲಿ, ಪಂಜಾಬ್ ಕಡೆಯ ಬಯಾನ ಪತ್ರಗಳಲ್ಲಿ ಮಾರುವವನು ತಪ್ಪಿದರೆ ದುಪ್ಪಟ್ಟು ಎಂಬ ಷರತ್ತು ಸಾಮಾನ್ಯ. ಹುಮನಾಬಾದಿನಲ್ಲಾಗಲಿ ಬಸವಕಲ್ಯಾಣದಲ್ಲಾಗಲಿ ಕರಾರು ಪತ್ರಕ್ಕೆ ಆ ಒಂದು ಸಾಲು ಸೇರಿಸಲು ಯಾವ ಕಾಯಿದೆಯೂ ಅಡ್ಡಬರುವುದಿಲ್ಲ. ಒಪ್ಪಂದ ಕಾಯಿದೆಯ 74ನೆಯ ಕಲಮಿನ ಪ್ರಕಾರ ನ್ಯಾಯಾಲಯ ಬರೆದ ಮೊತ್ತವನ್ನು ಮೇಲ್ಮಿತಿಯಾಗಿ ಇಟ್ಟುಕೊಂಡು ಸೂಕ್ತ ಪರಿಹಾರವನ್ನು ನಿರ್ಧರಿಸುತ್ತದೆ. ಸಾಲೇ ಇಲ್ಲದಿದ್ದರೆ ಕೊಳ್ಳುವವನು ತನ್ನ ನಷ್ಟದ ಒಂದೊಂದು ರೂಪಾಯಿಯನ್ನೂ ರುಜುವಾತು ಮಾಡುತ್ತ ನಿಲ್ಲಬೇಕಾಗುತ್ತದೆ.