ಎದ್ದೇಳದ ಕರ್ನಲ್ಲಿನ ಚರಿತ್ರೆ

ಗಣಕ ಕೆಟ್ಟರೆ ಅಂಥ ದೊಡ್ಡ ವಿಷಯ ಏನಲ್ಲ. ಗಣಕ ಎದ್ದೇಳದೇ ಹೋದರೆ ನಿಜವಾದ ಪೀಕಲಾಟ. ಏನು ಕೆಟ್ಟಿದೆ ಅಂತ ಹೇಳಬೇಕಾದ ತಂತ್ರಾಂಶ, ರಿಪೇರಿ ತಂದುಕೊಡಬೇಕಾದ ನೆಟ್‌ವರ್ಕು, ಎಲ್ಲಾ ಕರ್ನಲ್ ಎದ್ದ ಮೇಲೆ ತಾನೇ ಕೆಲಸ ಶುರು ಮಾಡೋದು? ಕರ್ನಲ್ಲೇ ಮಲಗಿದ್ರೆ ಯಾರನ್ನ ಕೇಳೋಣ?

ಇದು ಬರೀ ನನ್ನಂಥ ಇಂಜಿನಿಯರುಗಳ ತಲೆನೋವು ಅಂತಿದ್ದವರಿಗೆ 2024ರ ಜುಲೈ 19, ಶುಕ್ರವಾರ ಉತ್ತರ ಸಿಕ್ತು. ಅವತ್ತು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್‌ನಲ್ಲಿ ಇಂಡಿಗೋ, ಆಕಾಸ, ಸ್ಪೈಸ್‌ಜೆಟ್‌ಗಳ ಚೆಕ್-ಇನ್ ಕೈಬರಹಕ್ಕೆ ಇಳೀತು. ಪೆನ್ನು ಹಿಡಿದು ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿ ನಮ್ಮ ಸಮಯ ಬೆಳಿಗ್ಗೆ 9:39ಕ್ಕೆ ಒಂದು ಪುಟ್ಟ ಫೈಲನ್ನು ಜಗತ್ತಿಗೆಲ್ಲಾ ಕಳಿಸಿತ್ತು. 10:57ಕ್ಕೆ ವಾಪಸ್ ತಗೊಂಡಿತು. ನಡುವಿನ 78 ನಿಮಿಷದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ಬಿದ್ದವು. ಈ ಲೆಕ್ಕ ಮೈಕ್ರೋಸಾಫ್ಟ್ ಕೊಟ್ಟದ್ದು. ಒಟ್ಟು ವಿಂಡೋಸ್ ಗಣಕಗಳಲ್ಲಿ ಇದು ಶೇಕಡಾ ಒಂದಕ್ಕಿಂತ ಕಮ್ಮಿಯಂತೆ!

ಆಮೇಲೆ ಹೊರಬಂದ ಕಾರಣ ನೋಡಿ. ಆ ಕಂಪನಿಯ ಡ್ರೈವರ್ ಕರ್ನಲ್ಲಿನ ಒಳಗೇ ಕೂತು ಕೆಲಸ ಮಾಡುತ್ತೆ. ಹೊಸ ನಿಯಮಗಳಿಗೆ 21 ಮಾಹಿತಿ ಬೇಕು ಅಂತ ಒಂದು ಕಡೆ ಬರೆದಿದ್ದರು. ಅದನ್ನು ಒದಗಿಸೋ ಕೋಡು ಮಾತ್ರ ಕೊಡ್ತಾ ಇದ್ದದ್ದು 20. ಪರೀಕ್ಷೆ ಮಾಡಿರಲಿಲ್ಲವಾ? ಮಾಡಿದ್ದರು. ಆದರೆ ಪರೀಕ್ಷೆಯಲ್ಲೂ, ಮುಂಚೆ ಕಳಿಸಿದ ಫೈಲುಗಳಲ್ಲೂ 21ನೇ ಜಾಗದಲ್ಲಿ "ಏನಿದ್ದರೂ ಸರಿ" ಅಂತಿತ್ತು, ಹಾಗಾಗಿ ಆ ಜಾಗವನ್ನು ಯಾರೂ ಇಣುಕಿ ನೋಡಿರಲಿಲ್ಲ. ಜುಲೈ 19ರ ಫೈಲು ಮೊದಲ ಸಲ ಇಣುಕಿತು. ಇಲ್ಲದ ಮೆಮೊರಿಗೆ ಕೈ ಹಾಕಿತು. ಸಾಮಾನ್ಯ ತಂತ್ರಾಂಶ ಹೀಗೆ ಮಾಡಿದ್ರೆ ಅದೊಂದೇ ಸಾಯುತ್ತೆ, ಕರ್ನಲ್ಲಿನೊಳಗೆ ಮಾಡಿದ್ರೆ ಇಡೀ ಗಣಕ ಸಾಯುತ್ತೆ. ಮೇಲಾಗಿ ಈ ಡ್ರೈವರ್ ಗಣಕ ಏಳುವಾಗಲೇ ಏಳುವಂಥದ್ದು. ಏಳೋದು, ಬೀಳೋದು, ಮತ್ತೆ ಏಳೋದು, ಮತ್ತೆ ಬೀಳೋದು...

ಔಷಧಿ ಬಹಳ ಸರಳ: ಸೇಫ್ ಮೋಡ್‌ನಲ್ಲಿ ಎಬ್ಬಿಸಿ, 291 ಸಂಖ್ಯೆಯ ಆ ಫೈಲು ಅಳಿಸಿ, ಮತ್ತೆ ಎಬ್ಬಿಸಿ. ಆದರೆ ಬಿದ್ದ ಗಣಕಕ್ಕೆ ದೂರದಿಂದ ಔಷಧಿ ಕುಡಿಸೋಕಾಗಲ್ಲ. ಒಂದೊಂದರ ಮುಂದೂ ಒಬ್ಬ ಮನುಷ್ಯ ಹೋಗಿ ಕೂರಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕಿಯ ಕೀಲಿ ಬೇರೆ ಟೈಪಿಸಬೇಕು. ಮೈಕ್ರೋಸಾಫ್ಟು ತನ್ನ ಕ್ಲೌಡಿನ ಗಣಕಗಳಿಗೆ "ಬೇಕಾದ್ರೆ 15 ಸಲ ರೀಬೂಟ್ ಮಾಡಿ ನೋಡಿ" ಅಂತ ಹೇಳಿದ್ದನ್ನು ಓದಿ ನಕ್ಕವರು ಬಹಳ. ನಗುವಂಥದ್ದಲ್ಲ ಅದು. ಬೀಳೋ ಮುಂಚಿನ ಕ್ಷಣದಲ್ಲಿ ನೆಟ್‌ವರ್ಕ್ ಸಿಕ್ಕಿಬಿಟ್ಟರೆ ಸರಿಯಾದ ಫೈಲು ಇಳಿದುಬಿಡುತ್ತೆ. ಓಟದ ಪಂದ್ಯ ಅಷ್ಟೇ.

(2010ರ ಏಪ್ರಿಲ್ 21ರಂದು ಮ್ಯಾಕಫಿಯ 5958ನೇ ಫೈಲು ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟನ್ನೇ ವೈರಸ್ ಅಂದುಕೊಂಡು ಗಣಕಗಳನ್ನು ಹೀಗೇ ರೀಬೂಟಿನ ಸುಳಿಗೆ ತಳ್ಳಿತ್ತು. ಆಗ ಅಲ್ಲಿ ತಾಂತ್ರಿಕ ಮುಖ್ಯಸ್ಥರಾಗಿದ್ದ ಜಾರ್ಜ್ ಕರ್ಟ್ಜ್ 2024ರಲ್ಲಿ ಕ್ರೌಡ್‌ಸ್ಟ್ರೈಕಿನ ಮುಖ್ಯಸ್ಥರು. ಗ್ರಹಚಾರ ಅನ್ನೋದಾ?)

ಲಿನಕ್ಸ್ ಕಡೆಯವರು ಈ ರೋಗ ಹುಡುಕೋ ದಾರಿ ಬೇರೆ. ನಮ್ಮ ಬಿ.ಜಿ. ಕೆರೆ ಕಡೆ ಬೋರಿಂದ ಹೊಲಕ್ಕೆ ಎಳೆದ ಪೈಪಿನಲ್ಲಿ ನೀರು ನಿಂತರೆ ಮೊದಲಿಂದ ಕೊನೆವರೆಗೆ ಯಾರೂ ಅಗೆಯಲ್ಲ. ನಡುವಿನ ಜಾಯಿಂಟು ಬಿಚ್ಚಿ ನೋಡ್ತಾರೆ. ಅಲ್ಲಿ ನೀರಿದ್ದರೆ ತೊಂದರೆ ಮುಂದಿದೆ, ಇಲ್ಲದಿದ್ದರೆ ಹಿಂದಿದೆ. ಉಳಿದರ್ಧದಲ್ಲಿ ಮತ್ತೆ ನಡುವೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಗಿಟ್‌ನಲ್ಲಿ ಅದೇ ವರ್ಷ ಸೇರಿದ 'ಬೈಸೆಕ್ಟ್' ಮಾಡೋದೂ ಇದನ್ನೇ. ಒಂದು ಕರ್ನಲ್ ಬಿಡುಗಡೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆ ಇರುತ್ವೆ. 16,384 ಇದ್ದರೂ 14 ಸಲ ಕರ್ನಲ್ ಕಟ್ಟಿ, ಬೂಟ್ ಮಾಡಿ ನೋಡಿದರೆ ಕಳ್ಳ ಸಿಕ್ಕ.

ಸಿಕ್ಕವನು ಕಳ್ಳನೇ ಆಗಿರಬೇಕಾ? 2019ರ ಸೆಪ್ಟೆಂಬರಿನ ಕತೆ ಕೇಳಿ, ನನಗೆ ಬಹಳ ಇಷ್ಟದ್ದು. ಅಹ್ಮದ್ ದಾರ್ವಿಶ್ ಅನ್ನೋ ಡೆವಲಪರ್‌ನ ಗಣಕ 5.3ರ ಪರೀಕ್ಷಾ ಕರ್ನಲ್ ಹಾಕಿದಾಗ ಲಾಗಿನ್‌ವರೆಗೆ ಬರದೆ ನಿಂತುಬಿಡ್ತಿತ್ತು. ಬೈಸೆಕ್ಟ್ ಮಾಡಿದರೆ ಬೆರಳು ತೋರಿಸಿದ್ದು ಎಕ್ಸ್ಟ್4 ಫೈಲ್ ಸಿಸ್ಟಮಿನ ಒಂದು ಒಳ್ಳೇ ಬದಲಾವಣೆಯನ್ನ. ಅದು ಡಿಸ್ಕ್ ಓದೋ ಸಲಗಳನ್ನ ಕಮ್ಮಿ ಮಾಡಿತ್ತು, ಅಷ್ಟೇ. ಡಿಸ್ಕ್ ಓದು ಕಮ್ಮಿಯಾದ್ರೆ ಇಂಟರಪ್ಟ್ ಕಮ್ಮಿ. ಇಂಟರಪ್ಟ್ ಕಮ್ಮಿಯಾದ್ರೆ ಕರ್ನಲ್ಲಿಗೆ ಸಿಗೋ ಯಾದೃಚ್ಛಿಕತೆ ಕಮ್ಮಿ. ಬೂಟಿನ ಹೊತ್ತಲ್ಲಿ ಯಾದೃಚ್ಛಿಕ ಸಂಖ್ಯೆ ಬೇಕು ಅಂತ ಕಾಯ್ತಾ ಕೂತ ತಂತ್ರಾಂಶ ಕಾಯ್ತಾನೇ ಇತ್ತು! ಗಣಕ ಚುರುಕಾದದ್ದೇ ಎದ್ದೇಳದಿರೋಕೆ ಕಾರಣ.

ತಪ್ಪು ಕಾಯುತ್ತಾ ಕೂತವರದ್ದು ಅಂತ ವಾದಿಸಬಹುದಿತ್ತು, ವಾದವೂ ಜೋರಾಗೇ ನಡೀತು. ಆದರೆ ನಿನ್ನೆ ಏಳ್ತಿದ್ದ ಗಣಕ ಇವತ್ತೂ ಏಳಬೇಕು ಅನ್ನೋದು ಲಿನಸ್‌ನ ಹಳೇ ಹಟ. ಸೆಪ್ಟೆಂಬರ್ 15ರಂದು 5.3 ಬಿಡುಗಡೆ ಮಾಡುವ ಮುಂಚೆ ಆ ಒಳ್ಳೇ ಬದಲಾವಣೆಯನ್ನೇ ಕಿತ್ತು ಹಾಕಿದ. 5.4ರಲ್ಲಿ ಕರ್ನಲ್ ಸುಮ್ಮನೆ ಕಾಯೋ ಬದಲು ತಾನೇ ಯಾದೃಚ್ಛಿಕತೆ ಹುಟ್ಟಿಸಿಕೊಳ್ಳೋ ಹಾಗೆ ಮಾಡಿ, ಕಿತ್ತದ್ದನ್ನು ವಾಪಸ್ ನೆಟ್ಟ. ನನ್ನ ಪ್ರಕಾರ ಇದು ಸರಿಯಾದ ಕ್ರಮ. ಮೊದಲು ಗಣಕ ಏಳಲಿ, ನ್ಯಾಯ ಪಂಚಾಯ್ತಿ ಆಮೇಲೆ.

ಬೈಸೆಕ್ಟ್‌ನಿಂದ ಇನ್ನೊಂದು ಲಾಭ ಇದೆ, ಬರೆದವರ ಹೆಸರು ಸಿಗುತ್ತೆ. 2004ರಿಂದ ಕರ್ನಲ್ಲಿನ ಬದಲಾವಣೆಗಳ ಕೆಳಗೆ ಸಹಿ ಕಡ್ಡಾಯ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲೂ ಬರೆದ ಲಿಪಿಕಾರ ಚಪಡನ ಹೆಸರಿದೆ. ಶಾಸನವೆಲ್ಲಾ ಬ್ರಾಹ್ಮಿಯಲ್ಲಿ, 'ಲಿಪಿಕಾರ' ಅನ್ನೋ ಪದ ಮಾತ್ರ ಬಲದಿಂದ ಎಡಕ್ಕೆ ಹೋಗೋ ಖರೋಷ್ಠಿಯಲ್ಲಿ. ಪುಣ್ಯಾತ್ಮ ಆಗಲೇ ಸಹಿ ಹಾಕಿದ್ದ :)

ಜುಲೈ 19ರ ನಂತರ ಕ್ರೌಡ್‌ಸ್ಟ್ರೈಕ್ ಆ 20-21ರ ಲೆಕ್ಕ ತಾಳೆ ನೋಡೋ ತಪಾಸಣೆ ಸೇರಿಸಿತು, ಇಂಥ ಫೈಲುಗಳನ್ನೂ ಹಂತಹಂತವಾಗಿ ಕಳಿಸೋದು ಶುರು ಮಾಡಿತು. ಅದಕ್ಕೂ ಮುಂಚೆ ತಂತ್ರಾಂಶದ ಹೊಸ ಆವೃತ್ತಿ ಯಾವಾಗ ಬೇಕು ಅಂತ ಗ್ರಾಹಕರು ಆರಿಸಬಹುದಿತ್ತು, ಈ ಫೈಲುಗಳಿಗೆ ಆ ಆಯ್ಕೆ ಇರಲಿಲ್ಲ. ಆ ನವೆಂಬರಿನಲ್ಲಿ ಮೈಕ್ರೋಸಾಫ್ಟ್, ಎದ್ದೇಳದ ವಿಂಡೋಸ್ ಗಣಕಕ್ಕೂ ದೂರದಿಂದಲೇ ರಿಪೇರಿ ತಲುಪಿಸೋ 'ಕ್ವಿಕ್ ಮೆಷಿನ್ ರಿಕವರಿ'ಯನ್ನು ಘೋಷಿಸಿತು. 85 ಲಕ್ಷ ಗಣಕ ಬಿದ್ದ ಮೇಲೆ.