ಹೃದಯರೋಗ ನಿವಾರಣೆಯಲ್ಲಿ ಧರ್ಮಸಭೆಯ ಸೇವೆ: ಒಂದು ಐತಿಹಾಸಿಕ ಅವಲೋಕನ

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಪೂರ್ವಜರನ್ನು ಸ್ಮರಿಸುವಾಗ ಅವರು ಅಂಜುತ್ತಿದ್ದ ರೋಗಗಳೂ ನಮ್ಮ ನೆನಪಿಗೆ ಬರುತ್ತವೆ. 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕ ಪ್ಲೇಗು, 1918ರ ಇನ್‌ಫ್ಲುಯೆಂಜಾ, ಮತ್ತೆ ಮತ್ತೆ ಮರುಕಳಿಸುತ್ತಿದ್ದ ಕಾಲರಾ, ಸಿಡುಬು, ಇವು ಮನೆಮನೆಗಳನ್ನೇ ಬರಿದು ಮಾಡಿದವು. ಅವುಗಳ ಹಾವಳಿ ಅಡಗಿತು. ಇಂದು ಮೃತರಿಗಾಗಿ ಬಲಿಪೂಜೆ ಅರ್ಪಿಸುವಾಗ ನಾವು ಕೇಳುವುದು ಬೇರೆ ಮಾತು: ಐವತ್ತು ಐವತ್ತೈದರ ಮನೆಯ ಯಜಮಾನ, ರಾತ್ರಿ ಎದೆನೋವೆಂದರು, ಬೆಳಗಾಗುವಷ್ಟರಲ್ಲಿ ಇಲ್ಲವಾದರು.

ರೋಗಿಗಳ ಸೇವೆ ಧರ್ಮಸಭೆಗೆ ಹೊಸದಲ್ಲ. ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು ಬೆಂಗಳೂರಿನಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದದ್ದು 1886ರಲ್ಲಿ. ಆಸ್ಟ್ರೇಲಿಯಾದಿಂದ 1920ರಲ್ಲಿ ಗುಂಟೂರಿಗೆ ಬಂದ ವೈದ್ಯೆ ಸಿಸ್ಟರ್ ಮೇರಿ ಗ್ಲೌರಿಯವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಒಕ್ಕೂಟವನ್ನು ಕಟ್ಟಿದರು. ಕಥೋಲಿಕರದೇ ಒಂದು ವೈದ್ಯಕೀಯ ಕಾಲೇಜು ಆಗಬೇಕೆಂಬುದು ಆ ತಾಯಿಯ ಹಂಬಲವಾಗಿತ್ತು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ. 1957ರಲ್ಲಿ ಬೆಂಗಳೂರಿನಲ್ಲಿಯೇ ಅವರು ದೈವಾಧೀನರಾದರು. ಆರು ವರ್ಷಗಳ ತರುವಾಯ, 1963ರಲ್ಲಿ, ಅದೇ ಊರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು.

ಈ ಕಾಲೇಜಿನ ವೈದ್ಯರು ಆಸ್ಪತ್ರೆಯ ಗೋಡೆಗಳೊಳಗೆ ಕುಳಿತವರಲ್ಲ. 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನ ಹಾಲು ಉತ್ಪಾದಕರೊಡನೆ ಕೈಜೋಡಿಸಿ ಅಲ್ಲೊಂದು ಆರೋಗ್ಯ ಸಹಕಾರ ವ್ಯವಸ್ಥೆಯನ್ನು ನೆಲೆಗೊಳಿಸಿದರು. ಊರವರು ಹಾಲಿನ ಹಣದಲ್ಲೇ ಒಂದು ಪಾಲನ್ನು ವೈದ್ಯಸೇವೆಗೆಂದು ತೆಗೆದಿಟ್ಟರು. ಅಂದಿನ ಚಿಂತೆ ತಾಯಿಮಕ್ಕಳ ಆರೈಕೆ, ಸೋಂಕುರೋಗಗಳು. ಹೃದಯದ ಮಾತು ಇನ್ನೂ ದೂರವಿತ್ತು. ಆದರೆ ಆರೋಗ್ಯವು ಊರಿನ ಸ್ವಂತ ಜವಾಬ್ದಾರಿ ಎಂಬ ತಿಳಿವಳಿಕೆ ಅಲ್ಲಿ ಬೇರೂರಿತು.

ಹೃದಯರೋಗ ಸಿರಿವಂತರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲ ಇತ್ತು. ಸೇಂಟ್ ಜಾನ್ಸ್‌ನ ಡಾ. ಪ್ರೇಮ್ ಪಾಯಸ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಹೃದಯಾಘಾತಕ್ಕೊಳಗಾದ 200 ಮಂದಿಯನ್ನು ಇತರ 200 ಮಂದಿಯೊಡನೆ ಹೋಲಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಂದೆ ನಿಂತದ್ದು ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಮತ್ತು ಹೊಟ್ಟೆಯ ಬೊಜ್ಜು. ಬಡವನ ಬೀಡಿಗೂ ಸಾಹುಕಾರನ ಸಿಗರೇಟಿಗೂ ಅಲ್ಲಿ ರಿಯಾಯಿತಿ ದೊರೆಯಲಿಲ್ಲ. ದೇಶದ 89 ಆಸ್ಪತ್ರೆಗಳ 20,468 ರೋಗಿಗಳನ್ನು ಗಮನಿಸಿ 2008ರಲ್ಲಿ ಹೊರಬಂದ ಮತ್ತೊಂದು ವರದಿ ಇನ್ನೂ ಕಠೋರವಾದುದು. ಮೂವತ್ತು ದಿನಗಳೊಳಗೆ ಬಡವರಲ್ಲಿ ನೂರಕ್ಕೆ 8.2 ಮಂದಿ, ಸ್ಥಿತಿವಂತರಲ್ಲಿ 5.5 ಮಂದಿ ತೀರಿಕೊಂಡಿದ್ದರು. ಈ ಅಂತರಕ್ಕೆ ಬಹುಮಟ್ಟಿಗೆ ಕಾರಣವಾದದ್ದು ಬಡವರಿಗೆ ತಕ್ಕ ಚಿಕಿತ್ಸೆ ಸಿಗದಿದ್ದುದು. ನೋವು ಕಾಣಿಸಿಕೊಂಡ ಮೇಲೆ ಆಸ್ಪತ್ರೆ ಮುಟ್ಟಲು ಹಿಡಿದ ಸಮಯವಂತೂ ಸರಾಸರಿ ಆರು ಗಂಟೆಗಳು!

ನಮ್ಮ ತಾವರೆಕೆರೆಯ ಸೀಮೆಯವರಿಗೆ ಈ ಆರು ಗಂಟೆಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದೆ ಹಿಂಡಿದರೆ ಮೊದಲು ವಾಯುವೆನ್ನುತ್ತೇವೆ. ಓಮದ ನೀರು, ನಿಂಬೆಹಣ್ಣಿನ ಸೋಡ ಕುಡಿಸುತ್ತೇವೆ. ಬೆವರು ಕಿತ್ತುಬಂದ ಮೇಲೆ ಶಿರಾಕ್ಕೆ ಹೋಗಲು ಗಾಡಿ ಹುಡುಕುತ್ತೇವೆ. ಚಿತ್ರನಟ ಪುನೀತ್ ರಾಜ್‌ಕುಮಾರ್ ಅವರು 2021ರಲ್ಲಿ, ತಮ್ಮ 46ನೆಯ ವಯಸ್ಸಿನಲ್ಲಿ ಅಗಲಿದ ನಂತರ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು ಆರಂಭಿಸಿದ ‘ಹೃದಯ ಜ್ಯೋತಿ’ ಯೋಜನೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳವರೆಗೆ ತಂದಿದೆ. ಆದರೆ ಹೊತ್ತು ಮೀರಿ ಹೋದವನಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ರೋಗ ಬಾರದಂತೆ ತಡೆಯುವುದಂತೂ ಯಾವ ಚುಚ್ಚುಮದ್ದಿನಿಂದಲೂ ಆಗದು.

ತಡೆಯಲು ಸಾಧ್ಯವೆಂದು ಮೊದಲು ತೋರಿಸಿಕೊಟ್ಟವರು ಫಿನ್ಲೆಂಡ್ ದೇಶದ ಉತ್ತರ ಕರೇಲಿಯಾ ಪ್ರಾಂತ್ಯದ ರೈತಾಪಿ ಜನ. ಹೃದಯಾಘಾತದಿಂದ ಅಲ್ಲಿ ಗಂಡಸರು ನಡುವಯಸ್ಸಿನಲ್ಲೇ ಸಾಯುತ್ತಿದ್ದರು. ಜನರೇ 1971ರಲ್ಲಿ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಮರುವರ್ಷ ಪೆಕ್ಕ ಪುಸ್ಕ ಎಂಬ ತರುಣ ವೈದ್ಯರ ಮುಂದಾಳತ್ವದಲ್ಲಿ ಕಾರ್ಯ ಆರಂಭವಾಯಿತು. ಬೆಣ್ಣೆ, ಕೊಬ್ಬು ತುಂಬಿದ ಹಾಲು, ಉಪ್ಪು ಮತ್ತು ಹೊಗೆಸೊಪ್ಪು ಅವರ ನಿತ್ಯದ ಬದುಕಾಗಿದ್ದವು. ವೈದ್ಯರ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡಿದವರು ಗೃಹಿಣಿಯರ ಸಂಘದವರೆಂದು ನಮಗೆ ತೋರುತ್ತದೆ. ಅವರು ಊರೂರಿನಲ್ಲಿ ಸೇರಿ ಹಳೆಯ ಅಡಿಗೆಗಳನ್ನೇ ಕಡಿಮೆ ಕೊಬ್ಬಿನಲ್ಲಿ ಮಾಡಿ, ಬಡಿಸಿ, ತಿಂದು ತೋರಿಸಿದರು. ಹೈನುಗಾರಿಕೆಯ ಕೆಲವು ರೈತರು ಹಣ್ಣಿನ ಬೆಳೆಗೆ ತಿರುಗಿದರು. ಇಪ್ಪತ್ತೈದು ವರ್ಷಗಳೊಳಗೆ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯರೋಗದ ಸಾವು ಶೇಕಡಾ 70ಕ್ಕೂ ಹೆಚ್ಚು ಇಳಿಯಿತು.

ನಮ್ಮ ಅಡಿಗೆ ಬೇರೆ. ರಾಗಿಮುದ್ದೆ, ಸೊಪ್ಪು, ಕಾಳಿನ ಸಾರು ಹಿರಿಯರಿಂದ ಬಂದ ಒಳ್ಳೆಯ ಆಸ್ತಿ. ಕೇಡು ಅದರ ಪಕ್ಕದಲ್ಲಿದೆ: ಉಪ್ಪಿನಕಾಯಿ, ಹಪ್ಪಳ, ಒಮ್ಮೆ ಕಾಯಿಸಿದ ಎಣ್ಣೆಯನ್ನೇ ಮತ್ತೆ ಕಾಯಿಸಿ ಕರಿದ ಬೋಂಡ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಎಂದರೆ ಒಂದು ಚಹಾ ಚಮಚೆಗೂ ಕಡಿಮೆ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸವನ್ನು ತ್ಯಜಿಸಿ ಅದರ ಬದಲು ಕರಿದ ಮೀನಿನ ರಾಶಿಯ ಮುಂದೆ ಕೂರುವ ನಮ್ಮ ಜಾಣತನವನ್ನೂ ಇಲ್ಲಿ ಹೇಳದಿರಲಾರೆವು.

ಮನೆಬಾಗಿಲಿಗೆ ಹೋಗುವವರಿದ್ದರೆ ಅಭ್ಯಾಸ ಬದಲಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಪುರಾವೆಯುಂಟು. ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು 14 ಆಸ್ಪತ್ರೆಗಳಿಂದ ಬಿಡುಗಡೆಯಾದ 806 ಹೃದ್ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಮನೆಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಹೋಗಿಬಂದರು. ಅವರು ವೈದ್ಯರಲ್ಲ, ದಾದಿಯರೂ ಅಲ್ಲ. ಒಂದು ವರ್ಷದ ಕೊನೆಗೆ ಆ ಗುಂಪಿನವರು ಔಷಧವನ್ನು ಹೆಚ್ಚು ಕ್ರಮವಾಗಿ ಸೇವಿಸುತ್ತಿದ್ದರು, ಹೆಚ್ಚು ಮಂದಿ ತಂಬಾಕು ಬಿಟ್ಟಿದ್ದರು, ರಕ್ತದೊತ್ತಡವೂ ಇಳಿದಿತ್ತು. ಇದು 2016ರಲ್ಲಿ ಪ್ರಕಟವಾಯಿತು.

ಇಬ್ಬಿಬ್ಬರಾಗಿ ಮನೆಮನೆಗೆ ಹೋಗುವ ಪದ್ಧತಿ ಮರಿಯ ಸೇನೆಯ ಸದಸ್ಯರಿಗೆ ಹೊಸದೇನಲ್ಲ. ಯೇಸುವಿನ ಪವಿತ್ರ ಹೃದಯದ ಭಕ್ತಿಗೆಂದು ತಿಂಗಳ ಮೊದಲ ಶುಕ್ರವಾರ ದೇವಾಲಯಕ್ಕೆ ಬರುವವರಲ್ಲಿ ಮೂವತ್ತು ದಾಟಿದವರೆಲ್ಲರ ರಕ್ತದೊತ್ತಡವನ್ನು, ಪೂಜೆ ಮುಗಿದ ಕೂಡಲೇ, ಅಂಗಳದಲ್ಲೇ ಅಳೆಯಬಹುದು. ಇದಕ್ಕೆ ಬೇಕಾದುದು ಒಂದು ಮೇಜು, ಒಂದು ಯಂತ್ರ, ಅಳತೆಯನ್ನು ಬರೆದಿಡುವ ಒಂದು ಪುಸ್ತಕ ಮತ್ತು ಹೆಚ್ಚಿದ್ದವರನ್ನು ಆಸ್ಪತ್ರೆಗೆ ಕರೆದೊಯ್ಯುವ ಇಬ್ಬರು.