ಮಂದ ಥೈರಾಯ್ಡ್, ರಕ್ತದ ಕೊಬ್ಬು, ಹೃದಯ: ಒಂದು ಹಳೆಯ ವಾದದ ಚರಿತ್ರೆ

ಥೈರಾಯ್ಡ್ ಗ್ರಂಥಿಯ ಕೆಲಸ ಮಂದವಾದವರ ರಕ್ತದಲ್ಲಿ ಕೊಲೆಸ್ಟರಾಲ್ ಏರುತ್ತದೆ. ಇದರಲ್ಲಿ ಈಗ ಯಾರಿಗೂ ಅನುಮಾನವಿಲ್ಲ. ಆದರೆ ಆ ಏರಿಕೆಯೊಂದೇ ಅವರ ಹೃದಯಕ್ಕೆ ಕುತ್ತು ತರುತ್ತದೆಯೇ ಎಂಬ ಪ್ರಶ್ನೆ ಇಡೀ ಇಪ್ಪತ್ತನೆಯ ಶತಮಾನವನ್ನು ಕಾಡಿತು. ಏರಿಕೆಯ ಕಾರಣವನ್ನು ಬದಿಗಿಟ್ಟು ಬರೀ ಅಂಕಿಯ ಬೆನ್ನು ಹತ್ತಿದಾಗ ವೈದ್ಯಕೀಯಕ್ಕೆ ಪೆಟ್ಟು ಬಿದ್ದಿದೆ ಎಂಬುದನ್ನು ಇಲ್ಲಿ ತೋರಿಸಬಯಸುತ್ತೇನೆ.

ಥೈರಾಯ್ಡಿಗೂ ರಕ್ತನಾಳಗಳಿಗೂ ನಂಟಿದೆಯೆಂಬ ಸಂಶಯ ಹುಟ್ಟಿದ್ದು ರಕ್ತಪರೀಕ್ಷೆಗಳು ಬಳಕೆಗೆ ಬರುವುದಕ್ಕೂ ಮೊದಲು. ಗಳಗಂಡಕ್ಕಾಗಿ ಇಡೀ ಗ್ರಂಥಿಯನ್ನೇ ತೆಗೆದರೆ ರೋಗಿ ಊದಿಕೊಂಡು ಜಡವಾಗುತ್ತಾನೆ ಎಂದು ಬರ್ನ್ ನಗರದ ಶಸ್ತ್ರವೈದ್ಯ ಥಿಯೋಡರ್ ಕೋಖರ್ 1883ರಲ್ಲಿ ವರದಿ ಮಾಡಿದರು. ಗ್ರಂಥಿ ತೆಗೆದ ಕುರಿ, ಆಡುಗಳ ರಕ್ತನಾಳಗಳು ಪೆಡಸಾಗಿದ್ದನ್ನು 1895ರಲ್ಲಿ ಆಂಟನ್ ಫಾನ್ ಐಸೆಲ್ಸ್‌ಬರ್ಗ್ ತೋರಿಸಿದರು. ಅಷ್ಟರಲ್ಲಿ ಮದ್ದೂ ಸಿಕ್ಕಿತ್ತು. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಆಗಷ್ಟೇ ಕೊಯ್ದ ಕುರಿಯ ಗ್ರಂಥಿಯನ್ನು ಸಣ್ಣಗೆ ಹೆಚ್ಚಿ, ಗ್ಲಿಸರಿನ್ ಮತ್ತು ಕಾರ್ಬಾಲಿಕ್ ದ್ರಾವಣದಲ್ಲಿ ನೆನೆಹಾಕಿ, ಕುದಿನೀರಲ್ಲಿ ಅದ್ದಿದ ಕರವಸ್ತ್ರದಲ್ಲಿ ಸೋಸಿ, 46 ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿದರು. ಆಕೆ ಮತ್ತೆ 28 ವರ್ಷ ಬದುಕಿದರು.

ರಕ್ತದ ಕೊಲೆಸ್ಟರಾಲ್ ಚಿತ್ರಕ್ಕೆ ಬಂದದ್ದು 1920ರ ದಶಕದಲ್ಲಿ. ದೇಹದ ಚಯಾಪಚಯ ಇಳಿದಂತೆ ಅದು ಏರುತ್ತದೆಂದು 1922ರಲ್ಲಿ ಎಪ್‌ಸ್ಟೈನ್ ಮತ್ತು ಲ್ಯಾಂಡೆ ಬರೆದರು. 1930ರಲ್ಲಿ ಬಾಸ್ಟನ್ನಿನ ಹರ್ಕ್ಸ್‌ತಾಲ್ ಮತ್ತು ಸಂಗಡಿಗರು ಥೈರಾಯ್ಡ್ ರೋಗಿಗಳಲ್ಲಿ ಅದನ್ನೇ ಖಚಿತಪಡಿಸಿದರು. ಥೈರಾಯ್ಡ್ ಮಂದವಾದಾಗ ಏರುವ ಪ್ರಚೋದಕ ಹಾರ್ಮೋನಾದ ಟಿಎಸ್‌ಎಚ್‌ನ ಪರೀಕ್ಷೆ ಇಲ್ಲದ ಆ ಕಾಲದಲ್ಲಿ ಮಂದ ಥೈರಾಯ್ಡನ್ನು ಗುರುತಿಸಲು ಕೊಲೆಸ್ಟರಾಲ್ ಅಂಕಿಯೇ ಒಂದು ಆಸರೆಯಾಯಿತು.

ಇಲ್ಲಿಂದ ಮುಂದಿನ ಘಟ್ಟ ಇಂದಿನ ಓದುಗರಿಗೆ ನಂಬಲೂ ಕಷ್ಟ. 1933ರಲ್ಲಿ ಬಾಸ್ಟನ್ನಿನ ಹರ್ಮನ್ ಬ್ಲಮ್‌ಗಾರ್ಟ್, ಸ್ಯಾಮ್ಯುಯೆಲ್ ಲೆವೈನ್ ಮತ್ತು ಡೇವಿಡ್ ಬರ್ಲಿನ್ ತೀವ್ರ ಎದೆನೋವು ಹಾಗೂ ಹೃದಯ ವೈಫಲ್ಯದಿಂದ ನರಳುತ್ತಿದ್ದವರ ಆರೋಗ್ಯವಂತ ಥೈರಾಯ್ಡನ್ನೇ ತೆಗೆದುಹಾಕಿದ ಅನುಭವವನ್ನು ಪ್ರಕಟಿಸಿದರು. ತರ್ಕ ಸರಳವಾಗಿತ್ತು: ದೇಹದ ಬೇಡಿಕೆ ತಗ್ಗಿದರೆ ಹೃದಯದ ದುಡಿಮೆಯೂ ತಗ್ಗುತ್ತದೆ. ಎಷ್ಟೋ ರೋಗಿಗಳಿಗೆ ನೋವು ಕಡಿಮೆಯಾಯಿತು, ಕೊಲೆಸ್ಟರಾಲ್ ಮಾತ್ರ ಮೇಲೇರಿತು. ಮುಂದೆ ಅವರು ತೀರಿಕೊಂಡಾಗ ನಡೆದ ಶವಪರೀಕ್ಷೆಗಳನ್ನು ಆಧರಿಸಿ ಬ್ಲಮ್‌ಗಾರ್ಟ್ ತಂಡ 1953ರಲ್ಲಿ ಬರೆದ ಪ್ರಬಂಧದ ಪ್ರಕಾರ, ಅಂಕಿ ಏರಿದ್ದರೂ ರಕ್ತನಾಳಗಳ ಕೇಡು ನಿರೀಕ್ಷೆಗಿಂತ ಹೆಚ್ಚಿರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ಅತಿ ಮುಖ್ಯ ದಾಖಲೆ ಇದೇ. ಕೊಲೆಸ್ಟರಾಲ್ ನಿರಪರಾಧಿ ಎಂದು ಇದು ಸಾರುವುದಿಲ್ಲ, ಅದು ಒಂಟಿಯಾಗಿ ಕೆಲಸ ಮಾಡುವುದಿಲ್ಲ ಎನ್ನುತ್ತದೆ. 1968ರಲ್ಲಿ ಸ್ಟೈನ್‌ಬರ್ಗ್ ನಡೆಸಿದ ಶವಪರೀಕ್ಷಾ ಅಧ್ಯಯನ ಈ ಮಾತಿಗೆ ಬಲ ಕೊಟ್ಟಿತು: ಮಂದ ಥೈರಾಯ್ಡಿನ ಜತೆಗೆ ರಕ್ತದೊತ್ತಡವೂ ಇದ್ದವರಲ್ಲೇ ಹೃದಯದ ರಕ್ತನಾಳಗಳು ಹೆಚ್ಚು ಕೆಟ್ಟಿದ್ದವು. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ರಕ್ತನಾಳಗಳು ಬಿಗಿದು ಕೆಳಗಿನ ಒತ್ತಡ ಏರುವುದರಿಂದ, ಎರಡೂ ಒಬ್ಬ ರೋಗಿಯಲ್ಲೇ ಕೂಡಿಬರುವುದು ಅಪರೂಪವಲ್ಲ.

ಅಂಕಿಯೇ ಶತ್ರು ಎಂದುಕೊಂಡವರು ಇನ್ನೊಂದು ದಾರಿ ಹಿಡಿದರು. ಥೈರಾಯ್ಡ್ ಹಾರ್ಮೋನು ಕೊಲೆಸ್ಟರಾಲನ್ನು ಇಳಿಸುತ್ತದೆಯಲ್ಲ, ಹಾಗಿದ್ದರೆ ಅದರ ಪ್ರತಿಬಿಂಬ ರೂಪವಾದ ಡೆಕ್ಸ್‌ಟ್ರೋಥೈರಾಕ್ಸಿನನ್ನು ಹೃದಯಾಘಾತವಾದವರಿಗೇ ಏಕೆ ಕೊಡಬಾರದು? ಅಮೆರಿಕದ ‘ಕೊರೊನರಿ ಡ್ರಗ್ ಪ್ರಾಜೆಕ್ಟ್’ ಇದನ್ನು ಪರೀಕ್ಷಿಸಿತು. ಕೊಲೆಸ್ಟರಾಲ್ ಇಳಿಯಿತು, ಸಾವುಗಳು ಹೆಚ್ಚಿದವು. 1972ರ ಹೊತ್ತಿಗೆ ಆ ಔಷಧವನ್ನು ಪ್ರಯೋಗದಿಂದ ಕೈಬಿಡಲಾಯಿತು. ಮೊದಲೇ ಗಾಯಗೊಂಡ ಹೃದಯವನ್ನು ಹಾರ್ಮೋನು ಇನ್ನಷ್ಟು ಓಡಿಸಿತ್ತು.

ಏರಿಕೆಯ ಕಾರಣ ತಿಳಿದದ್ದು ಇದಾದ ಮೇಲೆ. ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಕೊಲೆಸ್ಟರಾಲ್ ಹೊತ್ತು ಸಾಗುವ ಎಲ್‌ಡಿಎಲ್ ಕಣಗಳನ್ನು ಹಿಡಿಯುವ ಗ್ರಾಹಿಯನ್ನು ಕಂಡುಹಿಡಿದ ನಂತರ, ಮಂದ ಥೈರಾಯ್ಡಿನಲ್ಲಿ ಈ ಗ್ರಾಹಿಗಳ ಮೂಲಕ ರಕ್ತದಿಂದ ಎಲ್‌ಡಿಎಲ್ ತೆರವಾಗುವುದು ಕುಂದುತ್ತದೆಂದು 1981ರಲ್ಲಿ ಥಾಂಪ್ಸನ್ ಮತ್ತು ಸಂಗಡಿಗರು ರೋಗಿಗಳಲ್ಲೇ ತೋರಿಸಿದರು. ಹಾರ್ಮೋನು ಕೊಟ್ಟರೆ ತೆರವು ಮರಳುತ್ತದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆಯುವ ಮುನ್ನ ಟಿಎಸ್‌ಎಚ್ ನೋಡಬೇಕೆನ್ನುವುದಕ್ಕೆ ಇದೇ ಆಧಾರ. ಥೈರಾಯ್ಡ್ ಮಂದವಾಗಿಯೇ ಉಳಿದರೆ ಆ ಮಾತ್ರೆಯಿಂದ ಸ್ನಾಯುನೋವಿನ ಅಪಾಯವೂ ಹೆಚ್ಚು.

ಈಗಿನ ತಕರಾರು ಟಿಎಸ್‌ಎಚ್ ಮಾತ್ರ ಏರಿ ಥೈರಾಯ್ಡ್ ಹಾರ್ಮೋನು ಸರಿಯಾಗಿರುವವರ ಬಗ್ಗೆ. 2000ದ ರಾಟರ್‌ಡ್ಯಾಮ್ ಅಧ್ಯಯನ ಇಂಥ ವಯಸ್ಸಾದ ಮಹಿಳೆಯರಲ್ಲಿ ಹೃದಯಾಘಾತ ಹೆಚ್ಚೆಂದಿತು. 2010ರಲ್ಲಿ ರೊಡೊಂಡಿ ತಂಡ 55,287 ಜನರ ಮಾಹಿತಿ ಕೂಡಿಸಿ ನೋಡಿದಾಗ ಅಪಾಯ ನಿಚ್ಚಳವಾಗಿ ಕಂಡದ್ದು ಟಿಎಸ್‌ಎಚ್ 10 ಮತ್ತು ಅದಕ್ಕಿಂತ ಮೇಲಿದ್ದವರಲ್ಲಿ. ಬೆಂಗಳೂರೂ ಸೇರಿದಂತೆ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಭಾರತೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.95 ಮಂದಿಗೆ ಮಂದ ಥೈರಾಯ್ಡ್ ಇತ್ತು. ಹೀಗಾಗಿ ಚಿಕಿತ್ಸೆ ಶುರುಮಾಡುವ ಟಿಎಸ್‌ಎಚ್ ಗಡಿ ಎಲ್ಲಿರಬೇಕೆಂಬುದು ನಮ್ಮ ಮನೆಮನೆಯ ಪ್ರಶ್ನೆಯೂ ಹೌದು.

ಹೃದಯವನ್ನು ಮುಟ್ಟದೆ ಕೊಬ್ಬನ್ನು ಇಳಿಸುವ ಹಳೆಯ ಆಸೆ ಇನ್ನೂ ಜೀವಂತ. ಹಾರ್ಮೋನಿಗೆ ಯಕೃತ್ತಿನಲ್ಲಿ ಮುಖ್ಯವಾಗಿ ಬೀಟಾ ಗ್ರಾಹಿ, ಹೃದಯದಲ್ಲಿ ಆಲ್ಫಾ ಗ್ರಾಹಿ ಎಂಬ ತಿಳಿವಳಿಕೆಯ ಮೇಲೆ ರೂಪುಗೊಂಡ ರೆಸ್ಮೆಟಿರೋಮ್ ಎಂಬ ಔಷಧ ಎಲ್‌ಡಿಎಲ್ ಅನ್ನೂ ತಗ್ಗಿಸುತ್ತದೆ. 2024ರ ಮಾರ್ಚ್‌ನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು ಕೊಬ್ಬು ತುಂಬಿ ಉರಿಯೂತಗೊಂಡ ಯಕೃತ್ತಿನ ಚಿಕಿತ್ಸೆಗೆ, ಹೃದಯರೋಗಕ್ಕಲ್ಲ.